ಎಡಗಡೆಯ ಮುಂದಿನ ಚಕ್ರ

ಬಸ್ ಡಿಪೋದಲ್ಲಿ ಅವನನ್ನು ಎಲ್ಲರೂ ಬಿಗಿಯಪ್ಪ ಎಂದೇ ಕರೆಯುತ್ತಿದ್ದರು. ತಾಯಿತಂದೆ ಇಟ್ಟ ಹೆಸರು ಹಾಜರಿ ಕೂಗುವಾಗ ಬಿಟ್ಟರೆ ಇನ್ನೆಲ್ಲೂ ಬಳಕೆಗೆ ಬರುತ್ತಿರಲಿಲ್ಲ. ಚಕ್ರದ ಶೆಡ್ಡಿಗೆ ಅವನು ಮೇಸ್ತ್ರಿ. ಅವನು ಬಿಗಿದ ನಟ್ಟನ್ನು ಬಿಚ್ಚಬೇಕಾದರೆ ಅವನದೇ ಕೈಕಾಲು ಹಿಡಿದು ಕರೆತರಬೇಕು ಎಂದು ಡ್ರೈವರುಗಳು ಗೇಲಿ ಮಾಡುತ್ತಿದ್ದರು. ನಟ್ಟು ಮಾತ್ರವಲ್ಲ, ಮುಖವೂ ಬಿಗಿ, ಮಾತೂ ಬಿಗಿ. ಗೇಲಿಯನ್ನು ಕೇಳಿಯೂ ಕೇಳದವನಂತೆ ಓಡಾಡುತ್ತಿದ್ದ, ಒಳಗೊಳಗೇ ಹಿಗ್ಗುತ್ತಿದ್ದ.

ಆ ಶೆಡ್ಡಿಗೆ ಅವನೇ ತಂದ ಒಂದು ಕಟ್ಟಳೆಯಿತ್ತು. ಬೇಕಾದಷ್ಟು ಬಿಗಿತ ಬಂದೊಡನೆ ಕಟಕ್ ಎನ್ನುವ ಉದ್ದನೆಯ ಪಾನಾ ಹಿಡಿದು ಒಬ್ಬ ನಟ್ಟು ಬಿಗಿಯಬೇಕು. ಆಮೇಲೆ ಇನ್ನೊಬ್ಬ ಬಂದು, ಅದೇ ಪಾನಾದಿಂದ ಮತ್ತೊಮ್ಮೆ ಕಟಕ್ ಅನ್ನಿಸಿ ನೋಡಿ, ನಟ್ಟಿನ ಮೇಲಿಂದ ಚಕ್ರದವರೆಗೆ ಹಳದಿ ಬಣ್ಣದ ಗೆರೆ ಎಳೆಯಬೇಕು. ನಟ್ಟು ಕೂದಲೆಳೆಯಷ್ಟು ಸಡಿಲಾದರೂ ಗೆರೆ ಮುರಿದು ಕಾಣುತ್ತದೆ. ಬಿಗಿದವನೇ ಗೆರೆ ಎಳೆಯುವ ಹಾಗಿಲ್ಲ. ಗೆರೆಯ ಕೆಲಸ ಮಾಡುತ್ತಿದ್ದವನು ಅವನ ವಯಸ್ಸಿನವನೇ ಆದ ಒಬ್ಬ ಕುಳ್ಳ. ಅವನಿಗೆ ಗೆರೆಯಣ್ಣ ಎಂದೇ ಹೆಸರು ಬಿದ್ದಿತ್ತು. ಒಮ್ಮೆ ಹೊಸ ಮೆಕ್ಯಾನಿಕ್ ಒಬ್ಬ ತಾನೇ ಬಿಗಿದು ತಾನೇ ಗೆರೆ ಎಳೆದುಬಿಟ್ಟ. ಬಿಗಿಯಪ್ಪ ಇಡೀ ಶೆಡ್ಡಿಗೆ ಕೇಳುವಂತೆ ಅವನ ಚಳಿ ಬಿಡಿಸಿದ್ದ.

"ನಿನ್ನ ಕೈ ಮೇಲೆ ನಿನಗೆ ನಂಬಿಕೆ ಇರ್ಲಿ, ಬೇಡ ಅಂದೋರ್ಯಾರು? ಬಸ್ಸಲ್ಲಿ ಕೂತೋರಿಗೆ ಇನ್ನೊಬ್ಬನ ಕಣ್ಣು ಬೇಕು ಕಣಯ್ಯಾ!"

ಇಂಥ ಮನುಷ್ಯ ತನ್ನ ಸ್ವಂತ ಕಾರಿನ ವಿಷಯದಲ್ಲಿ ಶುದ್ಧ ಮಂಗನಾದ.

ಕಾರು ಬ್ಯಾಟರಿಯದು. ಯಾರೋ ಬಳಸಿ ಬಿಟ್ಟದ್ದನ್ನು ಕೊಂಡು ತಂದಿದ್ದ. ಸದ್ದಿಲ್ಲ, ಹೊಗೆಯಿಲ್ಲ, ಗೋಡೆಗೆ ತಂತಿ ಸಿಕ್ಕಿಸಿದರೆ ತುಂಬಿಕೊಳ್ಳುತ್ತದೆ. ಮನೆಯವರೆಲ್ಲ ಖುಷಿಯಾಗಿಯೇ ಇದ್ದರು. ಆದರೆ ಹೆಂಡತಿಯ ತಮ್ಮ ಒಂದು ದಿನ ಬಂದವನು ಕಾರಿನ ಸುತ್ತ ಒಂದು ಸುತ್ತು ಹಾಕಿ, "ಎಲ್ಲಾ ಚೆನ್ನಾಗಿದೆ ಭಾವ. ಆದ್ರೆ ಪ್ಯಾಂಟ್ ಮೇಲೆತ್ಕೊಂಡು ಕೊಚ್ಚೆ ದಾಟೋರ ಹಾಗೆ ನಿಂತಿದೆ" ಎಂದುಬಿಟ್ಟ. ಭಾವಮೈದನದು ಮೊಬೈಲ್ ಅಂಗಡಿ. ಲೋಕದಲ್ಲಿ ಯಾವುದು ಚೆಂದ ಯಾವುದು ಚೆಂದವಲ್ಲ ಎಂಬುದರ ಗುತ್ತಿಗೆ ತನ್ನದೇ ಎಂದುಕೊಂಡವನು. ಅವನ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಬೇಕಿತ್ತು. ಬಿಗಿಯಪ್ಪನಿಗೆ ಅದು ನಾಟಿತು. ಅಂದಿನಿಂದ ತನ್ನ ಕಾರನ್ನು ಎಲ್ಲಿ ನೋಡಿದರೂ ಅವನಿಗೆ ಮೇಲೆತ್ತಿದ ಪ್ಯಾಂಟೇ ಕಾಣತೊಡಗಿತು.

ಕೊನೆಗೆ ಗಿಡ್ಡ ಸ್ಪ್ರಿಂಗುಗಳನ್ನೂ ಸ್ಪೇಸರುಗಳನ್ನೂ ತರಿಸಿದ. ಗಿಡ್ಡ ಸ್ಪ್ರಿಂಗ್ ಹಾಕಿದರೆ ಗಾಡಿ ನೆಲಕ್ಕೆ ತಗ್ಗಿ ಕೂರುತ್ತದೆ. ಸ್ಪೇಸರ್ ಎಂದರೆ ದಪ್ಪನೆಯ ಅಲ್ಯೂಮಿನಿಯಂ ಬಿಲ್ಲೆ. ಅಚ್ಚಿನ ತುದಿಗೂ ಚಕ್ರಕ್ಕೂ ನಡುವೆ ಕೂತು ಚಕ್ರವನ್ನು ಹೊರಕ್ಕೆ ತಳ್ಳುತ್ತದೆ, ಗಾಡಿ ಎದೆಯುಬ್ಬಿಸಿ ನಿಂತ ಹಾಗೆ ಕಾಣುತ್ತದೆ. ಮೊದಲು ಬಿಲ್ಲೆಯನ್ನು ಅದರದೇ ನಟ್ಟುಗಳಿಂದ ಅಚ್ಚಿಗೆ ಬಿಗಿಯಬೇಕು, ಆಮೇಲೆ ಬಿಲ್ಲೆಯ ಮೇಲೆ ಚಕ್ರ ಕೂರಿಸಿ ಇನ್ನೊಂದು ಸುತ್ತು ನಟ್ಟು ಬಿಗಿಯಬೇಕು. ಚಕ್ರ ಕೂತಿತೆಂದರೆ ಒಳಗಿನ ನಟ್ಟುಗಳು ಯಾರ ಕಣ್ಣಿಗೂ ಬೀಳುವುದಿಲ್ಲ.

ಒಂದು ರಜಾದಿನ ಬೆಳಿಗ್ಗೆ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಕೆಲಸ ಶುರುವಾಯಿತು. ಹೊಟ್ಟೆಯ ತುಂಬ ಬ್ಯಾಟರಿ ತುಂಬಿಕೊಂಡ ಗಾಡಿ. ಗೊತ್ತು ಮಾಡಿದ ಜಾಗ ಬಿಟ್ಟು ಬೇರೆಲ್ಲಿ ಜಾಕ್ ಕೊಟ್ಟರೂ ಕೆಟ್ಟಿತು. ಅವನು ಜಾಗ ಹುಡುಕಿ, ಅಡಿಗೆ ರಬ್ಬರ್ ತುಂಡು ಇಟ್ಟು, ಮಗುವನ್ನು ಎತ್ತುವವನ ಹಾಗೆ ಎತ್ತಿದ. ಹಳೆಯ ಸ್ಪ್ರಿಂಗನ್ನು ಕ್ಲಾಂಪಿನಲ್ಲಿ ಅದುಮಿ ಹೊರತೆಗೆದು, ಹೊಸತನ್ನು ಕೂರಿಸಿ, ತುಕ್ಕು ಹಿಡಿದ ಅಚ್ಚಿನ ಮುಖವನ್ನು ತಂತಿಯ ಬ್ರಷ್ಷಿನಿಂದ ಹೊಳೆಯುವಂತೆ ಉಜ್ಜಿದ. ಕೆಲಸದಲ್ಲಿ ಹುಳುಕು ಹುಡುಕುವ ಹಾಗಿರಲಿಲ್ಲ.

ಹಿಂದಿನ ಚಕ್ರಗಳಿಗೆ ಹ್ಯಾಂಡ್‌ಬ್ರೇಕ್ ಎಳೆದರೆ ಸಾಕು, ಬಿಗಿಯುವಾಗ ಅಚ್ಚು ತಿರುಗುವುದಿಲ್ಲ. ಮುಂದಿನವಕ್ಕೆ ಯಾರಾದರೂ ಒಳಗೆ ಕೂತು ಬ್ರೇಕ್ ಒತ್ತಿ ಹಿಡಿಯಬೇಕು. ಹೆಂಡತಿಯನ್ನು ಕರೆದು ಕೂರಿಸಿದ. ಅವಳು ಬಟಾಣಿ ಸುಲಿಯುವ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬ್ರೇಕ್ ಒತ್ತಿದಳು. "ಇನ್ನೂ ಗಟ್ಟಿ ಒತ್ತೇ" ಎಂದು ಇವನು, "ಇದಕ್ಕಿಂತ ಗಟ್ಟಿ ಒತ್ತಿದ್ರೆ ನಾನೇ ಕೆಳಗೆ ಬರ್ತೀನಿ" ಎಂದು ಅವಳು. ಬಲಗಡೆಯದು ಮುಗಿಯಿತು.

ಉಳಿದದ್ದು ಎಡಗಡೆಯ ಮುಂದಿನ ಚಕ್ರ. ಬಿಲ್ಲೆ ಕೂರಿಸಿ, ನಟ್ಟುಗಳನ್ನು ಬೆರಳಿನಲ್ಲೇ ಓಡಿಸಿದ್ದ. ಅಷ್ಟರಲ್ಲಿ ಭಾವಮೈದ ಬಂದ. ತಮ್ಮ ಬಂದನೆಂದು ಅಕ್ಕ ಬುಟ್ಟಿಯೊಡನೆ ಇಳಿದು ಟೀ ಇಡಲು ಒಳಗೆ ಹೋದಳು. ಭಾವಮೈದ ಮೊಬೈಲ್ ತೆಗೆದು ವಿಡಿಯೋ ಹಿಡಿಯುತ್ತ, "ಭಾವ, ಬೆಂಕಿ! ಇಡೀ ಊರಲ್ಲಿ ಇಂಥದ್ದು ಇನ್ನೊಂದಿಲ್ಲ. ಮಾಡ್ತಾ ಇರಿ, ಈ ಕಡೆ ನೋಡಿ" ಎಂದ. ಹೊಗಳಿಕೆ ಬಿಗಿಯಪ್ಪನ ತಲೆಗೇರಿತು. ಕ್ಯಾಮೆರಾ ನೋಡುತ್ತಿದೆ ಎಂಬ ಗುಂಗಿನಲ್ಲಿ ಚಕ್ರ ಎತ್ತಿ ಕೂರಿಸಿದ, ಜಾಕ್ ಇಳಿಸಿದ, ಹೊರಗಿನ ನಟ್ಟುಗಳನ್ನು ಕಟಕ್ ಕಟಕ್ ಎಂದು ಬಿಗಿದ. ಹೆಂಡತಿ ಟೀ ತಂದ ಮೇಲೆ ಗೆರೆ ಎಳೆಯಲಿ ಎಂದಿದ್ದವನು, ಭಾವಮೈದ ಅವಸರ ಮಾಡಿದ್ದಕ್ಕೆ ತಾನೇ ಕುಂಚ ಅದ್ದಿ ಹಳದಿ ಗೆರೆಗಳನ್ನು ಠೀವಿಯಿಂದ ಎಳೆದ. ಒಳಗಿನ ನಟ್ಟುಗಳು ಬೆರಳಿನ ಬಿಗಿತದಲ್ಲೇ ಉಳಿದವು.

ಇಲ್ಲಿ ಮಗಳ ವಿಷಯ ಹೇಳಬೇಕು. ಅವಳು ಆಸ್ಪತ್ರೆಗಳ ಬಟ್ಟೆ ಒಗೆದು ಕೊಡುವ ಕಂಪನಿಯ ವ್ಯಾನ್ ಓಡಿಸುತ್ತಿದ್ದಳು. ದೊಡ್ಡ ಗಾಡಿಯ ಲೈಸೆನ್ಸ್ ಮಾಡಿಸಿಕೊಂಡು, ಅಪ್ಪನ ಡಿಪೋದಲ್ಲೇ ಬಸ್ ಡ್ರೈವರ್ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಬಸ್ ಓಡಿಸಿ ತೋರಿಸಲು ಕರೆ ಬಂದಿತ್ತು. ಅವಳಿಗೆ ಆ ಕೆಲಸದ ಮೇಲೆ ಪ್ರಾಣ. ಅವಳ ಕೈಗೂ ಒಂದು ಗುಣವಿತ್ತು: ಟೈರಿನಲ್ಲಿ ಗಾಳಿ ಸ್ವಲ್ಪ ಇಳಿದಿದ್ದರೂ ಸ್ಟೀರಿಂಗ್ ಹಿಡಿದೇ ಹೇಳಿಬಿಡುತ್ತಿದ್ದಳು. ಅದು ನನ್ನಿಂದಲೇ ಬಂದದ್ದು ಎಂದು ಬಿಗಿಯಪ್ಪ ಕಂಡಕಂಡವರೆದುರು ಕೊಚ್ಚಿಕೊಳ್ಳುತ್ತಿದ್ದ.

ತಗ್ಗಿಸಿದ ಕಾರು ಕೆಲವು ದಿನ ಚೆನ್ನಾಗಿಯೇ ಓಡಿತು. ಒಂದು ಮಧ್ಯಾಹ್ನ ಪಾಳಿ ಮುಗಿಸಿದ ಅಪ್ಪನನ್ನು ಕರೆತರಲು ಮಗಳು ಅದನ್ನು ತೆಗೆದುಕೊಂಡು ಹೊರಟಳು. ದಾರಿಯಿಂದ ಫೋನ್ ಮಾಡಿದಳು. ಬಿಗಿಯಪ್ಪನ ಕೈತುಂಬ ಗ್ರೀಸು. ಗೆರೆಯಣ್ಣನೇ ಫೋನ್ ಒತ್ತಿ ಎಲ್ಲರಿಗೂ ಕೇಳುವಂತೆ ಹಿಡಿದ.

"ಅಪ್ಪಾ, ಸ್ಟೀರಿಂಗ್ ನಡುಗ್ತಿದೆ. ಎಡಗಡೆಯಿಂದ ಟಕ್ ಟಕ್ ಅಂತಿದೆ."

"ಇಳಿದು ಗೆರೆ ನೋಡು. ನೆಟ್ಟಗಿದ್ಯಾ?"

"ನೋಡ್ದೆ, ನೆಟ್ಟಗಿದೆ. ಆದ್ರೂ ಏನೋ ಸರಿಯಿಲ್ಲ ಅಪ್ಪಾ. ಇಲ್ಲೇ ನಿಲ್ಲಿಸ್ಬಿಡ್ಲಾ?"

ಸುತ್ತ ಜನ ನಿಂತಿದ್ದರು. ಬಿಗಿಯಪ್ಪ ಬಿಗಿದ ಚಕ್ರ ನಡುಗುತ್ತದೆಯೇ? "ಸ್ಪ್ರಿಂಗ್ ಗಿಡ್ಡ ಆಗಿದೆ, ರಸ್ತೆಯ ಹಳ್ಳಕೊಳ್ಳ ಎಲ್ಲ ಕೈಗೇ ಬರುತ್ತೆ. ಅಷ್ಟಕ್ಕೆಲ್ಲ ಹೆದರ್ಕೊಂಡ್ರೆ ಬಸ್ ಏನು ಓಡಿಸ್ತೀಯ? ಸುಮ್ನೆ ಬಾ" ಎಂದ. ಜನ ನಕ್ಕರು.

ಡಿಪೋದ ಗೇಟಿನ ಉಬ್ಬು ಹತ್ತುವಾಗ ಎಡಗಡೆಯ ಮುಂದಿನ ಚಕ್ರ ಕಳಚಿತು. ಕಾರು ಒಂದು ಮಗ್ಗುಲಿಗೆ ಕುಸಿದು ನೆಲ ಕೆರೆಯಿತು. ಚಕ್ರ ಮಾತ್ರ ತನಗೂ ಕಾರಿಗೂ ಸಂಬಂಧವೇ ಇಲ್ಲವೆಂಬಂತೆ ಅಂಗಳದ ನಡುವೆ ಉರುಳಿಕೊಂಡು ಹೋಗಿ, ನಿಂತಿದ್ದ ಬಸ್ಸೊಂದಕ್ಕೆ ಒರಗಿ ಬಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಮೇಲಿನ ಮಹಡಿಯಿಂದ ಡ್ರೈವರುಗಳ ಪರೀಕ್ಷೆ ಮಾಡುವ ಸಾಹೇಬರು ಬಗ್ಗಿ ನೋಡಿದರು. ಶೆಡ್ಡಿನಲ್ಲಿದ್ದವರೆಲ್ಲ ಓಡಿ ಬಂದರು.

ಮಗಳು ಬಿಳಿಚಿಕೊಂಡು ಇಳಿದಳು. ಬಿಗಿಯಪ್ಪನ ಬಾಯಿಂದ ಬಂದ ಮೊದಲ ಮಾತು ಪೆಟ್ಟಾಯಿತೇ ಎಂಬುದಲ್ಲ.

"ಎಲ್ಲಿ ಗುದ್ದಿಸ್ದೆ?"

"ಇಲ್ಲ ಅಪ್ಪಾ... ಎಲ್ಲೂ ಇಲ್ಲ. ದಾರಿಯಲ್ಲಿ ಒಂದು ಹಳ್ಳ ಸಿಕ್ತು, ಸ್ವಲ್ಪ ಜೋರಾಗಿ..."

"ನೋಡಿದ್ರಾ! ತಗ್ಗಿಸಿದ ಗಾಡಿ ಅಂತ ಹೇಳಿ ಹೇಳಿ ಸಾಕಾಯ್ತು. ಹಳ್ಳಕ್ಕೆ ಇಳಿಸಿದ್ರೆ ಚಕ್ರ ಉಳಿಯುತ್ತಾ?"

ಇಷ್ಟು ಹೇಳಿ ಬಗ್ಗಿ ನೋಡಿದ. ಅಚ್ಚಿನ ಬೋಲ್ಟುಗಳು ಒಂದೂ ಮುರಿಯದೆ, ಬೋಳು ಬೋಳಾಗಿ ನಿಂತಿದ್ದವು. ಪೆಟ್ಟು ಬಿದ್ದು ಕಳಚಿದ್ದರೆ ಅವು ಮುರಿಯಬೇಕಿತ್ತು. ನಟ್ಟುಗಳು ತಾವಾಗಿಯೇ ತಿರುಗಿ ತಿರುಗಿ ಬಿಚ್ಚಿಕೊಂಡಿದ್ದವು. ಟೀ, ಮೊಬೈಲ್, ಇಳಿದು ಹೋದ ಹೆಂಡತಿ, ಎಲ್ಲ ಒಟ್ಟಿಗೆ ಅವನ ಕಣ್ಣ ಮುಂದೆ ಬಂತು. ಆಗಲೇ ಎದ್ದು ನಿಂತು, ತಪ್ಪು ನನ್ನದು ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ಎದ್ದು ನಿಂತ, ಏನೂ ಹೇಳಲಿಲ್ಲ. ಅಂಗಳದಲ್ಲಿ ಬಿದ್ದಿದ್ದ ಚಕ್ರವನ್ನು ಬೇರೆ ಯಾರೂ ಮುಟ್ಟುವ ಮೊದಲೇ ತಾನೇ ಎತ್ತಿಕೊಂಡು ಬಂದ. ಬಿಲ್ಲೆ ಚಕ್ರಕ್ಕೇ ಅಂಟಿಕೊಂಡಿತ್ತು, ಹೊರಗಿನ ಹಳದಿ ಗೆರೆಗಳು ಒಂದಿಷ್ಟೂ ಕದಲಿರಲಿಲ್ಲ. ಒಳಗೆ ನಟ್ಟುಗಳು ಗಿಲಕಿಯ ಹಾಗೆ ಗಲಗಲ ಎನ್ನುತ್ತಿದ್ದವು. ಸದ್ದು ಕೇಳದಿರಲೆಂದು ಚಕ್ರವನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡ.

ಮಗಳು ತಪ್ಪನ್ನು ಒಪ್ಪಿಕೊಂಡಳು. ಅದೇ ಅವನನ್ನು ಸುಟ್ಟಿತು. ವಾದ ಮಾಡಿದ್ದರೆ ಅವನೂ ಗಂಟಲು ಏರಿಸಬಹುದಿತ್ತು. ಅವಳು, "ನಡುಗೋದು ರಸ್ತೆಯೋ ಚಕ್ರವೋ ಅಂತ ಗೊತ್ತಾಗ್ಲಿಲ್ಲ ನಂಗೆ" ಎಂದು ಅಮ್ಮನ ಮುಂದೆ ಸಣ್ಣ ಮುಖ ಮಾಡಿಕೊಂಡು ಹೇಳಿದಳು. ಮರುದಿನದಿಂದ ವ್ಯಾನ್ ತೆಗೆಯುವ ಮುಂಚೆ ಕಂಪನಿಯ ಕಾವಲುಗಾರನಿಂದ ಚಕ್ರ ಮುಟ್ಟಿಸಿ ನೋಡತೊಡಗಿದಳು. ಊಟಕ್ಕೆ ಕೂತಾಗ, "ಬಸ್ ಪರೀಕ್ಷೆಗೆ ಹೋಗಲ್ಲ ಅಂತ ಬರೆದು ಕೊಟ್ಬಿಡ್ಲಾ?" ಎಂದು ಕೇಳಿದಳು. ಬಿಗಿಯಪ್ಪ ತಟ್ಟೆ ನೋಡುತ್ತಲೇ ಅನ್ನ ಕಲಸಿದ.

"ಹೋಗಿ ಬಾ. ಒಂದ್ಸಲ ಆದದ್ದಕ್ಕೆಲ್ಲ ಹೆದರ್ಕೊಂಡ್ರೆ ಆಗುತ್ತಾ?" ಎಂದ. ಕ್ಷಮಿಸಿದವನ ಧಾಟಿ! ತನ್ನ ಧ್ವನಿಯನ್ನು ಕೇಳಿ ಅವನಿಗೇ ಹೇಸಿಗೆಯಾಯಿತು.

ಅವನು ಬೇರೆ ದಾರಿಯಲ್ಲಿ ಋಣ ತೀರಿಸಲು ನೋಡಿದ. ಬಿಲ್ಲೆಗಳನ್ನು ಬಿಚ್ಚಿದ, ಗಿಡ್ಡ ಸ್ಪ್ರಿಂಗುಗಳನ್ನು ಕಿತ್ತು ಹಳೆಯವನ್ನೇ ಹಾಕಿದ. ಕಾರು ಮತ್ತೆ ಪ್ಯಾಂಟ್ ಮೇಲೆತ್ತಿ ನಿಂತಿತು. ಇನ್ನು ಹೆದರಿಕೆಯಿಲ್ಲದೆ ಓಡಿಸು ಎಂದು ಮಗಳಿಗೆ ಕೀ ಕೊಟ್ಟ. ಅವಳ ಕಣ್ಣು ತುಂಬಿತು. "ಎಷ್ಟು ಆಸೆಪಟ್ಟು ಹಾಕಿದ್ದೆ ಅಪ್ಪಾ. ನನ್ನ ದೆಸೆಯಿಂದ ಎಲ್ಲಾ ತೆಗೀಬೇಕಾಯ್ತು" ಎಂದು ಕೀಯನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಒಳ್ಳೆಯದು ಮಾಡಲು ಹೋಗಿ ಗಾಯಕ್ಕೆ ಉಪ್ಪು ಸವರಿದ್ದ.

ಹೆಂಡತಿ ಒಣಗಿದ ಬಟ್ಟೆ ಮಡಚುತ್ತ ಕೂತಿದ್ದವಳು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ ಕೇಳಿದಳು:

"ರೀ, ಎಡಗಡೆ ಚಕ್ರಕ್ಕೆ ನಾನು ಬ್ರೇಕ್ ಒತ್ತಿದ್ನಾ? ತಮ್ಮ ಬಂದಾಗ ನಾನು ಇಳಿದು ಹೋದ ಹಾಗೆ ನೆನಪು."

ನಿಜ ಹೇಳಲು ಬಾಗಿಲು ತೆರೆದೇ ಇತ್ತು, ಒಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. "ಒತ್ತಿದ್ದೆ ಕಣೇ. ಆಮೇಲೆ ಇಳಿದು ಹೋದದ್ದು. ನಿನಗೆ ಮರೆತಿದೆ" ಎಂದ ಬಿಗಿಯಪ್ಪ.

"ಹೌದಾ?" ಎಂದು ಅವಳು ಸುಮ್ಮನೆ ಅವನ ಮುಖವನ್ನೇ ನೋಡಿದಳು. ಆಮೇಲೆ ಮತ್ತೆ ಬಟ್ಟೆ ಮಡಚಿದಳು. ಆ ವಾರವೆಲ್ಲ ಅವಳು ಬೀದಿಯ ತಿರುವಿನವರೆಗೆ ಹೋದವಳು ಒಲೆ ಆರಿಸಿದೆನೋ ಇಲ್ಲವೋ ಎಂದು ವಾಪಸ್ಸು ಬರುತ್ತಿದ್ದಳು, ಬೀಗ ಹಾಕಿ ಮತ್ತೆ ಎಳೆದು ನೋಡುತ್ತಿದ್ದಳು. ಬಿಗಿಯಪ್ಪ ಅದನ್ನು ನೋಡಿದ, ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಅವನಿಗೆ ಅವನದೇ ಸಾಕಾಗಿತ್ತು.

ಡಿಪೋದಲ್ಲಿ ಅವನ ಬಿಗಿ ಸಡಿಲವಾಗಿತ್ತು. ಯಾರ ತಪ್ಪಿಗೂ ಬೈಯಲು ನಾಲಿಗೆ ಏಳುತ್ತಿರಲಿಲ್ಲ. ಗೆರೆಯಣ್ಣ ಪಾನಾ ಇಟ್ಟು ಕಟಕ್ ಅನ್ನಿಸಿ ಗೆರೆ ಎಳೆಯುವಾಗಲೆಲ್ಲ ಇವನು ಮುಖ ಆ ಕಡೆ ತಿರುಗಿಸುತ್ತಿದ್ದ. "ಮಗಳಿಗೆ ಪೆಟ್ಟಾಗ್ಲಿಲ್ಲವಲ್ಲ, ಬಿಡು ಮೇಸ್ತ್ರಿ. ಮಕ್ಕಳು ತಪ್ಪು ಮಾಡ್ದೆ ಇರ್ತಾರಾ?" ಎಂದು ಗೆರೆಯಣ್ಣ ಸಮಾಧಾನ ಹೇಳಿದಾಗ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಪರೀಕ್ಷೆಯ ದಿನ ಮಗಳು ಬಂದಳು. ಹೋಗೆಂದು ಅಮ್ಮ ಹಟ ಹಿಡಿದಿದ್ದಳಂತೆ. ಅಂಗಳದಲ್ಲಿ ಕಲ್ಲುಗಳಿಗೆ ಸುಣ್ಣ ಬಳಿದು ದಾರಿ ಗುರುತು ಮಾಡಿದ್ದರು. ಸಾಹೇಬರು ಪಕ್ಕದಲ್ಲಿ ಕೂತರು. ಶೆಡ್ಡಿನವರೆಲ್ಲ ಕೆಲಸ ಬಿಟ್ಟು ಸಾಲಾಗಿ ನಿಂತರು. ಬಸ್ ಹೊರಟಿತು, ತಿರುವಿನಲ್ಲಿ ಬೆಣ್ಣೆಯ ಹಾಗೆ ತಿರುಗಿತು. ಎರಡನೆಯ ಸುತ್ತಿನಲ್ಲಿ ವೇಗ ತಗ್ಗಿತು. ಮುಂದೆ ಹೋಯಿತು, ಮತ್ತೆ ತಗ್ಗಿತು. ಹೋಗಲೋ ಬೇಡವೋ ಎಂದು ತಡವರಿಸಿ, ಕೊನೆಗೆ ಬಿಗಿಯಪ್ಪ ನಿಂತಿದ್ದ ಕಡೆಯೇ ಬಂದು ನಿಂತುಬಿಟ್ಟಿತು.

"ಯಾಕಮ್ಮಾ ನಿಲ್ಲಿಸ್ದೆ?" ಸಾಹೇಬರ ಧ್ವನಿ ಕಿಟಕಿಯಿಂದ ಕೇಳಿಸಿತು.

"ಸರ್, ಹಿಂದೆ ಎಡಗಡೆ ಏನೋ ಬಡಿದ ಹಾಗೆ... ಇಲ್ಲ ಸರ್, ಏನೂ ಇಲ್ಲ. ನಂಗೇ ಹಾಗನ್ನಿಸುತ್ತೆ. ಕ್ಷಮಿಸಿ."

ಸಾಹೇಬರು ಇಳಿದರು. ಅವಳೂ ಇಳಿದಳು. "ಗೇಟಲ್ಲಿ ಚಕ್ರ ಕಳಚಿಸಿದ್ದು ಇವಳೇ ಅಲ್ವೇನಯ್ಯಾ?" ಎಂದು ಸಾಹೇಬರು ಬಿಗಿಯಪ್ಪನ ಕಡೆ ತಿರುಗಿದರು. "ಅವತ್ತು ಚಕ್ರ ಹೋಗೋವರೆಗೂ ಗೊತ್ತಾಗ್ಲಿಲ್ಲ, ಇವತ್ತು ಏನೂ ಇಲ್ದೆ ನಿಲ್ಲಿಸ್ತಾಳೆ. ಗಾಡಿಯ ಮಾತು ತಿಳೀದವರ ಕೈಗೆ ಅಷ್ಟು ಜನರನ್ನ ಹೇಗೆ ಕೊಡೋದು?"

ಮಗಳು ತಲೆ ತಗ್ಗಿಸಿದಳು. ಅಪ್ಪನನ್ನು ಒಮ್ಮೆಯೂ ನೋಡಲಿಲ್ಲ.

ಬಿಗಿಯಪ್ಪ ಒಂದು ಹೆಜ್ಜೆ ಮುಂದೆ ಬಂದ. "ಸಾಹೇಬ್ರೇ, ಅದು ಅವಳ ತಪ್ಪಲ್ಲ" ಎಂದ. ಯಾರಿಗೂ ಕೇಳಿಸಲಿಲ್ಲ. ಕೆಮ್ಮಿ ಮತ್ತೆ ಹೇಳಿದ. "ಸ್ಪೇಸರಿನ ಒಳಗಿನ ನಟ್ಟು ನಾನು ಬಿಗಿದೇ ಇರ್ಲಿಲ್ಲ. ಬೆರಳಲ್ಲಿ ತಿರುಗಿಸಿ ಬಿಟ್ಟಿದ್ದೆ. ಹೊರಗೆ ಗೆರೆ ನಾನೇ ಎಳೆದೆ. ನಡುಗ್ತಿದೆ ಅಂತ ಅವಳು ಫೋನಲ್ಲಿ ಹೇಳಿದ್ಳು, ನಿಲ್ಲಿಸ್ಲಾ ಅಂತಾನೂ ಕೇಳಿದ್ಳು. ಸುಮ್ನೆ ಬಾ ಅಂದೋನು ನಾನು. ಇವರೆಲ್ಲ ಕೇಳಿದ್ದಾರೆ. ಬೋಲ್ಟ್ ನೋಡಿದ ತಕ್ಷಣ ನಂಗೆ ಗೊತ್ತಾಯ್ತು. ಗೊತ್ತಾಗಿಯೂ ಅವಳ ಮೇಲೆ ಹಾಕ್ದೆ."

ಹಿಂದೆ ಅವನಿಂದ ಬೈಸಿಕೊಂಡಿದ್ದ ಮೆಕ್ಯಾನಿಕ್ ನಗಬಹುದಿತ್ತು. ಅವನು ತನ್ನ ಚಪ್ಪಲಿ ನೋಡುತ್ತ ನಿಂತ. ನಕ್ಕಿದ್ದರೆ ವಾಸಿಯಿತ್ತು. ಗೆರೆಯಣ್ಣ ಬಸ್ಸಿನ ಹಿಂದಕ್ಕೆ ಹೋಗಿ ಎಡಗಡೆಯ ಜೋಡಿ ಚಕ್ರಗಳ ನಡುವೆ ಬಗ್ಗಿ ನೋಡಿದ. ಎರಡು ಟೈರುಗಳ ಸಂದಿಯಲ್ಲಿ ಮುಷ್ಟಿಗಾತ್ರದ ಕಲ್ಲೊಂದು ಸಿಕ್ಕಿಕೊಂಡಿತ್ತು. ಸುತ್ತಿಗೆಯಿಂದ ಹೊಡೆದು ಬೀಳಿಸಿ, "ಬಡೀತಿತ್ತು ಸಾಹೇಬ್ರೇ. ಹುಡುಗಿ ಹೇಳಿದ್ದು ಸರಿ" ಎಂದ.

ಸಾಹೇಬರು ಕಲ್ಲನ್ನು ನೋಡಿದರು, ಬಿಗಿಯಪ್ಪನನ್ನು ನೋಡಿದರು. "ನಡೀಮ್ಮಾ, ಮೊದಲಿನಿಂದ ಓಡಿಸು" ಎಂದರು. ಅವಳು ಓಡಿಸಿದಳು. ಕೆಲಸ ಸಿಕ್ಕಿತು ಎಂದು ಅಲ್ಲಿಯೇ ತಿಳಿಯಿತು.

ಗೇಟಿನ ಹೊರಗೆ ಬಿಗಿಯಪ್ಪ ಕಾದು ನಿಂತಿದ್ದ. "ಬಾ, ಹೋಗೋಣ" ಎಂದ. ಅವಳು ಕದಲಲಿಲ್ಲ.

"ಫೋನ್ ಮಾಡಿದಾಗ್ಲೇ ನಂಗೆ ಗೊತ್ತಿತ್ತು ಅಪ್ಪಾ, ಅದು ರಸ್ತೆ ಅಲ್ಲ ಅಂತ. ನೀನು ಹೇಳಿದ್ಯಲ್ಲ ಅಂತ ನನ್ನ ಕೈನೇ ಸುಳ್ಳು ಅಂದ್ಕೊಂಡೆ."

"ತಪ್ಪಾಯ್ತು ಮಗಳೇ."

"ನಂಗೆ ಹೇಳಿದ್ದಾಯ್ತು. ಅಮ್ಮನಿಗೆ ಹೇಳು." "ಒತ್ತಿದ ಬ್ರೇಕು ನೆನಪಿಲ್ಲ ಅಂತ ರಾತ್ರಿಯೆಲ್ಲ ನಿದ್ದೆ ಮಾಡ್ತಿಲ್ಲ ಅವಳು. ಅಜ್ಜಿಗೆ ಆದ ಹಾಗೆ ತನಗೂ ಶುರುವಾಗಿದೆ, ಡಾಕ್ಟ್ರ ಹತ್ರ ಕರ್ಕೊಂಡು ಹೋಗು, ಅಪ್ಪನಿಗೆ ಹೇಳ್ಬೇಡ ಅಂದಿದ್ದಾಳೆ."

ಅವಳ ಅಜ್ಜಿ, ಅಂದರೆ ಬಿಗಿಯಪ್ಪನ ಅತ್ತೆ, ಕೊನೆಗಾಲದಲ್ಲಿ ಹೆತ್ತ ಮಗಳನ್ನೇ ಯಾರಮ್ಮಾ ನೀನು ಎಂದು ಕೇಳುತ್ತಿದ್ದವಳು. ಹೆಂಡತಿ ಅದನ್ನು ನುಂಗಿಕೊಂಡು ಅವಳ ಸೇವೆ ಮಾಡಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಮನೆಯವರೆಗೆ ಅವನು ಮಗಳ ಹಿಂದೆ ನಡೆದ, ಜೊತೆಗೆ ನಡೆಯುವ ಧೈರ್ಯವಾಗಲಿಲ್ಲ.

ಹೆಂಡತಿ ಅಡುಗೆಮನೆಯಲ್ಲಿದ್ದಳು. ಅವನು ಬಾಗಿಲಲ್ಲೇ ನಿಂತು ಹೇಳಿದ. "ನೀನು ಬ್ರೇಕ್ ಒತ್ತಿರ್ಲಿಲ್ಲ ಕಣೇ. ನಿನ್ನ ನೆನಪೇ ಸರಿ. ನಾನು ಸುಳ್ಳು ಹೇಳಿದೆ."

ಬೈಗುಳಕ್ಕೆ ಮೈಯೊಡ್ಡಿ ನಿಂತಿದ್ದ. ತಟ್ಟೆ ಎಸೆದರೂ ಸರಿ ಎಂದುಕೊಂಡಿದ್ದ. ಅವಳು ಕೈ ಒರೆಸಿಕೊಂಡು ಮೆಲ್ಲಗೆ ಸ್ಟೂಲಿನ ಮೇಲೆ ಕೂತಳು.

"ಹಾಗಾದ್ರೆ ನಂಗೇನೂ ಆಗಿಲ್ವಾ?"

"ಏನೂ ಆಗಿಲ್ಲ."

"ನಿಜವಾಗ್ಲೂ? ನಾನು ಇಳಿದು ಹೋಗಿ ಟೀ ಇಟ್ಟೆ ಅಲ್ವಾ? ಬಟಾಣಿ ಬುಟ್ಟಿ ಕಟ್ಟೆ ಮೇಲಿಟ್ಟೆ ಅಲ್ವಾ?"

"ಹೌದು. ಎಲ್ಲಾ ಹಾಗೇ."

ಅವಳು ನಕ್ಕಳು, ನಗುತ್ತಲೇ ಅತ್ತಳು. ಗಂಡನ ಮೇಲೆ ಒಂದು ಮಾತೂ ಆಡದೆ ಮೊಬೈಲ್ ತೆಗೆದು ತಮ್ಮನಿಗೆ ಫೋನ್ ಮಾಡಿ, "ನಂಗೇನೂ ಆಗಿಲ್ವಂತೆ ಕಣೋ, ನಾನು ಸರಿಯಾಗಿದ್ದೀನಿ!" ಎಂದು ಎಳೆಯ ಹುಡುಗಿಯ ಹಾಗೆ ಹೇಳಿದಳು. ಆಮೇಲೆ ತಂಗಿಗೂ ಹೇಳಿದಳು, ಪಕ್ಕದ ಮನೆಯವಳನ್ನು ಕಿಟಕಿಯಿಂದ ಕೂಗಿ ಕರೆದು ಅವಳಿಗೂ ಹೇಳಿದಳು. ಇಷ್ಟು ಜನರ ಮುಂದೆ ಅವಳು ತನ್ನ ಹೆದರಿಕೆ ತೋಡಿಕೊಂಡಿದ್ದಳು ಎಂಬುದು ಅವನಿಗೆ ಗೊತ್ತಾದದ್ದೇ ಆಗ. ಬಿಗಿಯಪ್ಪ ಅಲ್ಲೇ ನೆಲದ ಮೇಲೆ ಕೂತು ಒಂದೊಂದನ್ನೂ ಕೇಳಿಸಿಕೊಂಡ. ಎದ್ದು ಹೋಗಲು ಅವನಿಗೆ ಮುಖವಿರಲಿಲ್ಲ.